ಸಾಹೇಬರ ಕಳೆ ಪಾಠ

ಗೌಡರ ರಾಗಿ ಹೊಲದ ಬದುವಿನ ಮೇಲೆ ಬೋರ್ಡು ನಿಲ್ಲಿಸಿ ಕೃಷಿ ಸಾಹೇಬರು ಪಾಠ ಶುರು ಮಾಡಿದ್ದರು. ಬೆಳೆ ತಿನ್ನುವುದು ಕೀಟ, ಬೆಳೆ ಕೊಳೆಸುವುದು ರೋಗ. ಇನ್ನು ಕಳೆ?

“ಬೇಡದ ಜಾಗದಲ್ಲಿ ಹುಟ್ಟೋ ಗಿಡ,” ಎಂದು ತಾವೇ ಉತ್ತರ ಕೊಟ್ಟರು.

“ಯಾರಿಗೆ ಬೇಡದ್ದು ಸ್ವಾಮಿ?” ಅಂದಳು ಪುಟ್ಟಲಿಂಗಮ್ಮ. ಆ ಹೊಲದಲ್ಲಿ ಕಳೆ ಕೀಳುವ ಹನ್ನೆರಡು ಹೆಂಗಸರ ಮುಂದಾಳು ಅವಳು. ಕಳೆನಾಶಕ ಬಂತೆಂದರೆ ಹನ್ನೆರಡು ಮನೆಯ ಒಲೆ ಆರಿದಂತೆಯೇ.

“ಸುಮ್ನೆ ಕೂತ್ಕೊಳಮ್ಮ,” ಎಂದ ಸಾಹೇಬರು ನಾಲ್ಕು ಸಾಲಿಗೆ ತಾವೇ ಔಷಧಿ ಹೊಡೆದು ತೋರಿಸಿದರು. “ನೋಡಿ ಗೌಡ್ರೇ, ಕಳೆ ಸಾಯುತ್ತೆ, ಮನುಷ್ಯರಿಗೆ ಏನಂದ್ರೆ ಏನೂ ಆಗಲ್ಲ. ನೀರಿದ್ದಂಗೆ!”

“ಹಂಗಾದ್ರೆ ಈ ಸಲ ಆಳು ಬೇಡವೇ ಬೇಡ,” ಅಂದರು ಗೌಡರು.

ಮಧ್ಯಾಹ್ನ ಹೊಲದಲ್ಲೇ ಊಟ. ಅಡುಗೆ ಪುಟ್ಟಲಿಂಗಮ್ಮನದು. ಸಾಹೇಬರು ಮೂರನೇ ಸಲ ಸಾರಿಗೆ ತಟ್ಟೆ ಚಾಚಿದರು.

“ಬಸ್ಸಾರು ಅಂದ್ರೆ ಇದು! ಯಾವ ಸೊಪ್ಪಮ್ಮ?”

“ಅಣ್ಣೆಸೊಪ್ಪು, ಗೋಣಿಸೊಪ್ಪು. ಬೋರ್ಡಲ್ಲಿ ಕಳೆ ಅಂತ ಬರ್ದಿದ್ದೀರಲ್ಲ, ಅವೇ.”

“ಓಹೋ! ಎಲ್ಲಿ ಕಿತ್ತೆ?”

“ನೀವು ಔಷಧಿ ಹೊಡೆದ ಸಾಲಲ್ಲೇ ಸ್ವಾಮಿ. ನೀರಿದ್ದಂಗೆ ಅಂದ್ರಲ್ಲ?”

ಸಾಹೇಬರು ಗಂಟಲಿಗೆ ಬೆರಳು ಹಾಕಿಕೊಂಡು ಬೇಲಿ ಕಡೆಗೆ ಓಡಿದರು. ಆ ಓಟ ನೋಡಿದ ಗೌಡರು ತಮ್ಮ ತಟ್ಟೆಯನ್ನೂ ದೂರ ತಳ್ಳಿದರು.

“ನಾಳೆ ಹನ್ನೆರಡೂ ಜನ ಕಳೆ ಕೀಳೋಕೆ ಬನ್ರೇ.”

“ಆಯ್ತು ಗೌಡ್ರೇ,” ಎಂದ ಪುಟ್ಟಲಿಂಗಮ್ಮ, ಹಿಂದಿನ ಸಂಜೆಯೇ ಕಿತ್ತಿಟ್ಟಿದ್ದ ಸೊಪ್ಪಿನ ಆ ಸಾರನ್ನು ತನ್ನ ಮುದ್ದೆಗೆ ಧಾರಾಳವಾಗಿ ಬಿಟ್ಟುಕೊಂಡಳು.