ಕೊಡೆ ಹಿಡಿದ ಮುಯ್ಯಾಳು

ಕೆಂಪಕ್ಕ ಕೊಡೆ ಹಿಡಿದು ಹೊನ್ನೂರಮ್ಮನ ಅಂಗಳಕ್ಕೆ ಬಂದದ್ದೇ ತಪ್ಪಾಯ್ತು. ಮೋಡ ಇಲ್ಲ, ಮಳೆ ಇಲ್ಲ, ಬೆಳ್‌ಬೆಳಗ್ಗೆ ಕೊಡೆ! ಶೇಂಗಾ ಕೀಳಲು ಹೊರಟಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

“ಬಾರವ್ವಾ ಮಹಾರಾಣಿ,” ಎಂದಳು ಹೊನ್ನೂರಮ್ಮ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಲೆಕ್ಕಕ್ಕೆಲ್ಲ ಅವಳೇ ಯಜಮಾನಿ. ಬಾಯಿ ಬಿಟ್ಟರೆ ಜಗಳೂರು ಬಸ್‌ಸ್ಟ್ಯಾಂಡಿಗೂ ಕೇಳಬೇಕು, ಅಂಥ ಗಂಟಲು.

“ನಮ್ಮ ಶೇಂಗಾ ಬಲಿತು ನಿಂತೈತೆ ಅಕ್ಕಾ. ನೆಲ ಗಟ್ಟಿಯಾದ್ರೆ ಕಾಯಿ ಮಣ್ಣಾಗೇ ಉಳೀತಾವೆ. ನಮ್ಮ ಮನೆಯವರೊಬ್ಬರೇ ಕೀಳಾಕೆ ಆಗಲ್ಲ. ಮುಯ್ಯಾಳಿಗೆ ಬರ್ರಿ.”

“ನೀನು ಈ ವರ್ಷ ಯಾರ ಹೊಲಕ್ಕೆ ಬಂದಿದ್ದೆ? ಬಿಸಿಲಿಗೆ ಕಪ್ಪಾಗ್ತೀನಿ ಅಂತ ಮನೇಲಿ ಕೂತೋಳು!”

ಕೆಂಪಕ್ಕ ಮುಖದ ಸೆರಗು ಸರಿಸಿದಳು. ಮೂಗಿನ ಎರಡೂ ಕಡೆ ಕೆನ್ನೆ ಸುಟ್ಟಂತೆ ಕೆಂಪಾಗಿತ್ತು. ನಗು ನಿಂತಿತು.

“ಲೂಪಸ್ ಅಂತೆ. ದಾವಣಗೆರೆ ಡಾಕ್ಟರು ಹೇಳಿದ್ರು. ರೋಗ ಬಂದ್ರೆ ಬಡಿದೋಡಿಸೋ ಕಾವಲು ಮೈಯಾಗೇ ಇರ್ತೈತಂತೆ. ನನಗೆ ಅದೇ ತಿರುಗಿ ಬಿದ್ದೈತೆ. ತನ್ನವು ಅಂತ ಗೊತ್ತಾಗದೆ ಚರ್ಮ, ಕೀಲು ಎಲ್ಲಾ ಬಡೀತೈತೆ. ಮಾತ್ರೆಗೆ ಈಗ ವಾಸಿ. ಬಿಸಿಲು ಮಾತ್ರ ಆಗಬಾರದಂತೆ.”

“ಅಯ್ಯೋ ಶಿವನೇ! ಬೇಲಿನೇ ಎದ್ದು ಹೊಲ ಮೇಯ್ದಂಗಾತಲ್ಲೇ!” ಎಂದಳು ಹೊನ್ನೂರಮ್ಮ.

“ಅಂಟತೈತಾ?” ಹೆಂಗಸರ ನಡುವೆ ನಿಂತಿದ್ದ ಪೂಜಾ ತನ್ನ ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

“ಇಲ್ಲ ಕಣವ್ವಾ, ಇದು ಒಬ್ಬರಿಂದ ಒಬ್ಬರಿಗೆ ಬರೋದಲ್ಲ,” ಎನ್ನುವಷ್ಟರಲ್ಲಿ ಕೆಂಪಕ್ಕನ ದನಿ ಸಣ್ಣದಾಗಿತ್ತು. ಅವಳು ಕೊಡೆ ಎತ್ತಿಕೊಂಡು ಹೊರಟೇಬಿಟ್ಟಳು.

“ನಿಲ್ಲೇ!” ಹೊನ್ನೂರಮ್ಮ ತನ್ನ ಸೊಂಟದ ಮೇಲಿದ್ದ ಮೊಮ್ಮಗನನ್ನು ಇಳಿಸಿ ಸೀದಾ ಕೆಂಪಕ್ಕನ ತೋಳಿಗೆ ಹಾಕಿದಳು; ಕೊಡೆ ಕೆಳಗೆ ಬಿತ್ತು. “ಇವತ್ತಿನಿಂದ ನೀನು ನೆರಳಾಗೆ ಕೂತು ಕೂಸುಗಳ್ನ ನೋಡ್ಕೋ. ಅದೇ ನಿನ್ನ ಮುಯ್ಯಿ. ಸಂಜೆತನಕ ಇವನ್ನ ಹಿಡಿದು ನೋಡು, ಬಿಸಿಲೇ ವಾಸಿ ಅನ್ನಿಸ್ತೈತೆ. ಇವತ್ತು ಮೊದಲು ನಿನ್ನ ಹೊಲ. ನಡೀರ್ರೇ!”

ಪೂಜಾ ಒಂದು ಗಳಿಗೆ ನಿಂತಳು. ಆಮೇಲೆ ತಲೆ ತಗ್ಗಿಸಿ ಬಂದು ತನ್ನ ಕೂಸನ್ನೂ ಕೊಟ್ಟಳು.

ಕೆಂಪಕ್ಕನಿಗೆ ಅಳು ತಡೆಯಲಾಗಲಿಲ್ಲ. “ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಅಕ್ಕಾ.”

“ಸಾಕು ಬಿಡೇ,” ಎಂದಳು ಹೊನ್ನೂರಮ್ಮ, ಕೆಳಗೆ ಬಿದ್ದಿದ್ದ ಕೊಡೆಯನ್ನೆತ್ತಿ ಅವಳ ತಲೆಯ ಮೇಲೆ ಹಿಡಿಯುತ್ತ. “ತನ್ನವರು ಯಾರು ಅನ್ನೋದು ನಿನ್ನ ಮೈಗೆ ಮರೆತಿರಬೌದು. ನಮಗೆ ಮರೆತಿಲ್ಲ.”