ಮುಂಗೋಣೆಯ ಬಾಗಿಲು

"ಅಗುಳಿಗೆ ಕೈ ಹಾಕಿದ್ರೆ ಸುಟ್ಬಿಡ್ತೀನಿ," ಎಂದ ಕಪ್ತಾನ. ಪಿಸ್ತೂಲು ಹಾಯಿ ಹೊಲಿಯುವವನ ಎದೆಗೆ ನೇರವಾಗಿತ್ತು.

ಬಾಗಿಲಿನ ಆಚೆ ಹಾಯಿ ಹೊಲಿಯುವವನ ಅಣ್ಣನಿದ್ದ. ಹಡಗಿನ ಬಡಗಿ. ಶತ್ರುವಿನ ಗುಂಡು ಹಡಗಿನ ಮೂತಿಗೆ ತೂತು ಕೊರೆದಾಗ, ಅದನ್ನು ಮುಚ್ಚಲು ಸುತ್ತಿಗೆ, ಹಲಗೆ ಹಿಡಿದು ಮುಂಗೋಣೆಗೆ ಹೋಗಿದ್ದ. ತೂತು ಕೈಮೀರಿತು, ಕಡಲು ಒಳನುಗ್ಗಿತು. ಆ ಕೋಣೆಯೊಂದೇ ತುಂಬಿದರೆ ಹಡಗು ಹೇಗೋ ತೇಲುತ್ತದೆ. ಬಾಗಿಲು ತೆರೆದರೆ ನೂರಿಪ್ಪತ್ತು ಜನರೂ ನೀರುಪಾಲು. ಕಪ್ತಾನ ಹೊರಗಿನಿಂದ ಅಗುಳಿ ಹಾಕಿಸಿದ್ದ.

ಒಳಗಿನಿಂದ ಸುತ್ತಿಗೆಯ ಸದ್ದು. ಬಾಗಿಲಿನ ಮೇಲೆಯೇ.

"ಕೇಳಿಸ್ತಿಲ್ವಾ ಯಜಮಾನ್ರೇ? ಇನ್ನೂ ಬದುಕಿದಾನೆ. ಬಾಗಿಲು ಬಡೀತಿದಾನೆ."

"ಕೇಳಿಸ್ತಿದೆ." ಕಪ್ತಾನನ ಪಿಸ್ತೂಲು ಮಾತ್ರ ಇಳಿಯಲಿಲ್ಲ.

ತಮ್ಮ ಬಾಗಿಲಿಗೆ ಬಾಯಿಟ್ಟು ಕೂಗಿದ. "ಅಣ್ಣಾ, ಸ್ವಲ್ಪ ತಡ್ಕೋ. ಏನಾದ್ರೂ ಆಗ್ಲಿ, ತೆಗೆದೇ ತೆಗೀತೀನಿ."

ಪೆಟ್ಟುಗಳು ಒಮ್ಮೆಲೇ ಬಿರುಸಾದವು. ಅದನ್ನು ಕೇಳಿ ಅವನು ತಡೆದುಕೊಳ್ಳಲಾರದೆ ಮುನ್ನುಗ್ಗಿದ. ನಾಲ್ವರು ನಾವಿಕರು ಹಿಡಿದು ಕಂಬಕ್ಕೆ ಕಟ್ಟಿದರು.

ಅಪ್ಪ ಸತ್ತ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಈ ಅಣ್ಣನೇ. "ನನ್ನ ತಮ್ಮ ಯಾರ ಮಾತೂ ಕೇಳೋನಲ್ಲ," ಎಂದು ಹಡಗಿನಲ್ಲೆಲ್ಲ ನಗುನಗುತ್ತಾ ಹೇಳಿಕೊಂಡು ತಿರುಗುತ್ತಿದ್ದ.

ಪೆಟ್ಟುಗಳು ನಿಧಾನವಾದವು. ಆಮೇಲೆ ಒಂದು. ಬಹಳ ಹೊತ್ತಿನ ನಂತರ ಇನ್ನೊಂದು. ಮತ್ತೆ ಕೇಳಿಸಲಿಲ್ಲ.

ಎರಡು ದಿನ ಹಡಗು ಮೂತಿ ತಗ್ಗಿಸಿಕೊಂಡು ತೆವಳಿತು. ಕಟ್ಟು ಬಿಚ್ಚಿದರೂ ತಮ್ಮ ಅನ್ನ ನೀರು ಮುಟ್ಟಲಿಲ್ಲ. ಕಪ್ತಾನ ಎದುರಾದಾಗಲೆಲ್ಲ "ಕೊಲೆಗಾರ" ಎಂದ. ಅದೊಂದೇ ಮಾತು. ಕಪ್ತಾನ ತಲೆ ತಗ್ಗಿಸಿ ಹೋಗುತ್ತಿದ್ದ.

ಮೂರನೆಯ ಬೆಳಿಗ್ಗೆ ಹಡಗನ್ನು ಬಂದರಿನ ಮರಳದಂಡೆಗೆ ಹತ್ತಿಸಿದರು. ಕಡಲಿನ ಇಳಿತ ಬಂದಾಗ ಮುಂಗೋಣೆಯ ನೀರು ಬಂದ ತೂತಿನಿಂದಲೇ ಬಸಿದುಹೋಯಿತು. ಕಪ್ತಾನ ಕೈಯಾರೆ ಅಗುಳಿ ಸರಿಸಿ, ಟೋಪಿ ತೆಗೆದು ಪಕ್ಕಕ್ಕೆ ನಿಂತ.

"ಹೋಗಪ್ಪ. ಕರ್ಕೊಂಡು ಬಾ."

ತಮ್ಮ ಬಾಗಿಲು ಎಳೆದ. ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು ಮೈಭಾರವೆಲ್ಲ ಹಾಕಿ ಎಳೆದ. ನೀರು ಕುಡಿದು ಮರ ಉಬ್ಬಿರಬೇಕು ಎಂದುಕೊಂಡು ಕೊಡಲಿ ತಂದ. ಮೇಲ್ಭಾಗ ಸೀಳಿ, ಸಂದಿಯಲ್ಲಿ ತಲೆ ತೂರಿಸಿ ಕೆಳಗೆ ನೋಡಿದ.

ಬಾಗಿಲು ಯಾರೂ ತೆರೆಯಲಾಗದ ಹಾಗೆ, ಅಣ್ಣ ಒಳಗಿನಿಂದ ಅಡ್ಡಕ್ಕೆ ಮೂರು ಹಲಗೆ ಜಡಿದಿದ್ದ.