ಆಟಿಕೆಗೆ ಮಿತಿಯಿಲ್ಲ

ಕಾರುಗಳು ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಬಾರದೆಂದು ಕಾನೂನು ತಂದ ಸರ್ಕಾರ, ರಿಮೋಟ್ ಆಟಿಕೆಗಳನ್ನು ಅದರಲ್ಲಿ ಸೇರಿಸಲು ಮರೆತಿತ್ತು. ಅಂದಿನಿಂದ ಊರಿಗೆ ಊರೇ ಆಳು ಕೂರುವಷ್ಟು ದೊಡ್ಡ ಆಟಿಕೆಗಳೊಳಗೆ ಕೂತು, ತೊಡೆಯ ಮೇಲೆ ರಿಮೋಟ್ ಇಟ್ಟುಕೊಂಡು ಓಡಾಡತೊಡಗಿತು. ಅಂಗೈಯಗಲದ ಕಾರುಗಳಿಗೆ ವೇಗ ನಿಯಂತ್ರಕ ರೂಪಿಸುತ್ತಿದ್ದ ವನಮಾಲಾ ಕಿಣಿಗೆ ಈಗ ಊಟಕ್ಕೂ ಬಿಡುವಿಲ್ಲ.

ಅಂದು ಫೋನ್ ಮಾಡಿದವರು ಟ್ರಾಫಿಕ್ ಇನ್‌ಸ್ಪೆಕ್ಟರ್ ಗುರುಬಸಪ್ಪ.

"ಮೇಡಂ, ರಿಮೋಟಿಂದ ಕೈ ಬಿಟ್ರೂ ಆಟಿಕಿ ಜೀಪ್ ತೆವಳಾಕತ್ತೈತಿ! ಎದುರಿಗೆ ರೈಲ್ವೆ ಗೇಟ್ ಹಾಕ್ಯಾರ!"

"ಬ್ರೇಕ್ ಸ್ವಲ್ಪ ಒತ್ತಿ ಹಿಡ್ಕೊಳ್ಳಿ. ನಿಂತಿತಾ?"

"ನಿಂತ್ತು ನೋಡ್ರಿ."

"ನಿಯಂತ್ರಕಾನ ರಿಮೋಟಿಗೆ ಹೊಂದಿಸುವಾಗ ಪೂರ್ತಿ ವೇಗ, ಪೂರ್ತಿ ಬ್ರೇಕ್, ಆಮೇಲೆ ಕೈ ಬಿಡಬೇಕು ಅಂದಿದ್ದೆ. ಬಿಟ್ರಾ?"

"ಅಂಜಿಕಿ ಆತ್ರಿ. ಬೆರಳು ಬ್ರೇಕ್ ಮ್ಯಾಲೇ ಇತ್ತು."

"ಹಾಗೆ ಒತ್ತಿದ್ರೆ ಮಾತ್ರ ನಿಲ್ಲಬೇಕು ಅಂತ ಅದು ಕಲ್ತುಬಿಟ್ಟಿದೆ. ಹತ್ತು ನಿಮಿಷ ಕೊಡಿ, ಮೊದಲಿಂದ ಹೊಂದಿಸೋಣ."

"ಅಷ್ಟು ಪುರುಸೊತ್ತು ಎಲ್ಲೈತ್ರಿ ಮೇಡಂ! ತೊಂಬತ್ತರ ಸ್ಪೀಡಿನ್ಯಾಗ ಬೆನ್ನು ಹತ್ತಿ ಬಂದೀನಿ. ಗೇಟಿನ ಆಚೆ ಒಬ್ಬ ಅಜ್ಜ ಖರೇ ಕಾರಿನ್ಯಾಗ ಇಪ್ಪತ್ತೆರಡರಾಗ ಹೊಂಟಾನ!"